ಅಜ್ಜನ ಹಳೇ 8 ಎಂಎಂ ರೀಲುಗಳಿಂದ ಕೊಲಾಜ್ ಸಿನಿಮಾ ಮಾಡಬೇಕು. ಯಾವ ಸಾಫ್ಟ್‌ವೇರ್ ಒಳ್ಳೇದು? ಗೀರು, ಕಲೆ ತೆಗೆಯೋದು ಹೇಗೆ?

ಸಾಫ್ಟ್‌ವೇರ್ ಮಾತು ಆಮೇಲೆ. ಮೊದಲು ಆ ರೀಲುಗಳನ್ನು ಇದ್ದಲ್ಲೇ ಇಡ್ರಿ, ಯಾವ ಯಂತ್ರಕ್ಕೂ ಏರಿಸಬೇಡ್ರಿ. ನಿಮ್ಮ ಪ್ರಶ್ನೆ ಓದಿದ ಕೂಡಲೇ 2019ರ ಬೇಸಿಗೆಯ ಒಂದು ರಾತ್ರಿ ನೆನಪಾಗಿ ಹೊಟ್ಟೆಯೊಳಗೆ ಕಲಸಿದಂತಾಯ್ತು.

ಧಾರವಾಡದ ಮಾಳಮಡ್ಡಿಯಲ್ಲಿದ್ದ ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಒಂದು ಬಿಸ್ಕಿಟ್ ಡಬ್ಬಿ ಸಿಕ್ಕಿತು. ಒಳಗೆ ಏಳು ರೀಲು. ಅಜ್ಜ ಡಾಕ್ಟರು, ಅರವತ್ತರ ದಶಕದಲ್ಲಿ ತಾವೇ ತೆಗೆದವು. ಮುಚ್ಚಳದ ಒಳಬದಿಗೆ ಪೆನ್ಸಿಲಿನಲ್ಲಿ ಪಟ್ಟಿ: ಉಣಕಲ್ ಕೆರೆ, ಗಣಪತಿ ಕಳಿಸೋದು, ಶಾವಿಗೆ, ಹೀಗೆ. ನಾನು ಆಗ ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡಿಕೊಂಡಿದ್ದೆ, ತಲೆ ತುಂಬ ಮಾತ್ರ ಅಮೆರಿಕದ ಕಲಾವಿದ ಬ್ರೂಸ್ ಕಾನರ್. 1958ರಲ್ಲಿ ಆತ ಯಾರ‍್ಯಾರೋ ತೆಗೆದ ನ್ಯೂಸ್‌ರೀಲು, ಕೌಬಾಯ್ ಚಿತ್ರಗಳ ತುಂಡು ಅಂಟಿಸಿ 12 ನಿಮಿಷದ ‘ಎ ಮೂವಿ’ ಮಾಡಿದ. ಅದರಲ್ಲಿ ಸಬ್‌ಮರೀನಿನವನೊಬ್ಬ ಪೆರಿಸ್ಕೋಪಿನಲ್ಲಿ ಕಣ್ಣಿಡುತ್ತಾನೆ, ಮರುಕ್ಷಣ ಅರೆಬೆತ್ತಲೆ ಸುಂದರಿ ಕಾಣುತ್ತಾಳೆ, ಟಾರ್ಪಿಡೊ ಹಾರುತ್ತದೆ, ಅಣುಬಾಂಬಿನ ಮೋಡ ಏಳುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ತುಂಡುಗಳು! ನಾನೂ ಅಜ್ಜನ ಗಣಪತಿಗೂ ನನ್ನ ಮದುವೆ ವಿಡಿಯೋದ ಬ್ಯಾಂಡಿಗೂ ಗಂಟು ಹಾಕಬೇಕು ಅಂತ ಹೊರಟೆ.

ಹುಬ್ಬಳ್ಳಿಯ ಒಂದು ಗುಜರಿ ಅಂಗಡಿಯಲ್ಲಿ ಪ್ರೊಜೆಕ್ಟರ್ ಸಿಕ್ಕಿತು, ಸೂಪರ್ 8. ನನ್ನ ರೀಲು ಬರೀ 8 ಅಲ್ಲವಾ ಅಂತ ಅನುಮಾನ ಬಂತು, ಕೇಳಿದೆ. “ಎಂಟ್ ಎಂಎಂ ಅಂದ್ರ ಎಂಟ್ ಎಂಎಂ ರೀ, ಅದರಾಗ ಏನ್ ಫರಕ್ ಇರ್ತದ?” ಅಂದ ಅಂಗಡಿಯವ. ಮೂರೂವರೆ ಸಾವಿರ ಕೊಟ್ಟು, ಚಿಗರಿ ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆ ಮೇಲಿಟ್ಟುಕೊಂಡು ಧಾರವಾಡಕ್ಕೆ ತಂದೆ.

ಫರಕ್ ಏನು ಅಂತ ನಾನು ಹೇಳ್ತೀನಿ ಕೇಳ್ರಿ, ಯಾಕಂದ್ರೆ ಅದಕ್ಕೆ ಬೆಲೆ ತೆತ್ತವನು ನಾನು. ಎರಡರ ಅಗಲವೂ 8 ಮಿಲಿಮೀಟರೇ. ಆದರೆ 1932ರ ಹಳೇ 8ರಲ್ಲಿ ಅಂಚಿನ ತೂತು ದೊಡ್ಡದು, ಒಂದು ಫ್ರೇಮಿಗೂ ಇನ್ನೊಂದಕ್ಕೂ ನಡುವಿನ ಗೆರೆಯ ಪಕ್ಕ ಇರುತ್ತದೆ. 1965ರಲ್ಲಿ ಬಂದ ಸೂಪರ್ 8ರಲ್ಲಿ ತೂತು ಸಣ್ಣದು, ಫ್ರೇಮಿನ ನಟ್ಟನಡುವೆ. ತೂತಿನಿಂದ ತೂತಿಗೆ ಹಳೆಯದರಲ್ಲಿ 3.81 ಮಿಲಿಮೀಟರ್, ಸೂಪರಿನಲ್ಲಿ 4.23. ಪ್ರೊಜೆಕ್ಟರಿನೊಳಗೆ ಉಗುರಿನಂಥ ಕೊಕ್ಕೆ ಇರುತ್ತದೆ, ಅದು ತೂತಿಗೆ ಇಳಿದು ಫಿಲ್ಮನ್ನು ಒಂದೊಂದೇ ಫ್ರೇಮು ಕೆಳಗೆ ಎಳೆಯುತ್ತದೆ. ಸೂಪರ್ 8 ಕೊಕ್ಕೆ ಪ್ರತಿ ಸಲ 4.23 ಎಳೆದೇ ಎಳೆಯುತ್ತದೆ. ಎರಡನೇ ಎಳೆತಕ್ಕೋ ಮೂರನೆಯದಕ್ಕೋ ಅದಕ್ಕೆ ತೂತು ಸಿಗುವುದಿಲ್ಲ, ಗಟ್ಟಿ ಫಿಲ್ಮಿಗೇ ಚುಚ್ಚುತ್ತದೆ. ಸೆಕೆಂಡಿಗೆ ಹದಿನೆಂಟು ಸಲ.

ಇದು ಮುಗಿದಿಲ್ಲ. ಯಂತ್ರ ನನಗೆ ಮೊದಲೇ ಹೇಳಿತ್ತು. ಹಳೇ 8ರ ರೀಲಿನ ನಡುವಿನ ರಂಧ್ರ ಸಣ್ಣದು, ಸೂಪರ್ 8 ಪ್ರೊಜೆಕ್ಟರಿನ ಗೂಟ ದಪ್ಪ. ರೀಲು ಕೂಡಲೇ ಇಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ನಾನು ಶಾಣ್ಯಾ, ಪ್ರೊಜೆಕ್ಟರ್ ಜೊತೆ ಬಂದ ಖಾಲಿ ರೀಲಿಗೆ ಫಿಲ್ಮನ್ನು ಕೈಯಿಂದ ಸುತ್ತಿ, ಅದನ್ನು ಏರಿಸಿದೆ. ಕೂಡದ್ದನ್ನು ಕೂಡಿಸಿದೆ ನೋಡ್ರಿ, ತಪ್ಪು ಅದು. ಕಟಕಟ ಸದ್ದು, ಗೋಡೆಯ ಮೇಲೆ ಚಿತ್ರ ಕುಪ್ಪಳಿಸುತ್ತಿದೆ. ಹಳೇ ಯಂತ್ರ, ಬಿಸಿ ಆದ ಮೇಲೆ ಸರಿಹೋದೀತು ಅಂತ ನಲವತ್ತು ಸೆಕೆಂಡು ಬಿಟ್ಟೆ. ಲೈಟ್ ಹಾಕಿದರೆ ಗೇಟಿನ, ಅಂದ್ರೆ ಫಿಲ್ಮು ಲೆನ್ಸಿನ ಹಿಂದೆ ಹಾದುಹೋಗುವ ಸಂದಿನ, ಕೆಳಗೆ ಸಾಸಿವೆಯಷ್ಟು ಸಾಸಿವೆಯಷ್ಟು ಕಪ್ಪು ಚೂರು. ಹತ್ತು ಅಡಿಯಷ್ಟು ಫಿಲ್ಮಿನ ಅಂಚು ಗರಗಸದ ಹಾಗಾಗಿತ್ತು. ಗಾಬರಿಯಲ್ಲಿ ಅಷ್ಟನ್ನೂ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ಕೊಕ್ಕೆಯಿಲ್ಲದೆ ಉರುಳೆಗಳ ಮೇಲೆ ಫಿಲ್ಮು ಸಾಗಿಸುವ ಸ್ಕ್ಯಾನರ್ ಇರುತ್ತದೆ, ಅದರಲ್ಲಿ ಆ ಹರಿದದ್ದೂ ಬಹುಪಾಲು ಉಳಿಯುತ್ತಿತ್ತು ಅಂತ ತಿಳಿದಾಗ ಕಸದ ಗಾಡಿ ಹೋಗಿ ನಾಲ್ಕು ತಿಂಗಳಾಗಿತ್ತು.

ಮರುದಿನ ಅವ್ವ ಮುಚ್ಚಳದ ಪಟ್ಟಿ ಓದಿ, “ಶಾವಿಗಿ ಹೊಸಿಯೂದು ಎಲ್ಲಿ ಅದ, ಅದನ್ನ ಮೊದಲ ಹಚ್ಚು” ಅಂದಳು. ಸೀದಾ ನೋಡಿಬಿಡೋಣ ಅಂತ ನಾನು ಮೊದಲು ಏರಿಸಿದ್ದು ಅದನ್ನೇ. ಉಳಿದದ್ದು ಬಿಸಿಲು, ಹೊರಸಿನ ಮೇಲೆ ಒಣಗಲು ಹಾಕಿದ ಶಾವಿಗೆ, ಒಂದು ಕಾಗೆ. ಹೊಸೆಯುತ್ತಿದ್ದ ಕೈಗಳು ಹೋಗಿದ್ದವು.

ಹರಿದದ್ದೇ ಒಂದು ಕಲಾಕೃತಿ ಆಗ್ತಿತ್ತು ಅಂತ ಗೆಳೆಯನೊಬ್ಬ ಸಮಾಧಾನ ಹೇಳಿದ, ಅಮೆರಿಕದ ಚಿತ್ರ ನಿರ್ದೇಶಕ ಬಿಲ್ ಮಾರಿಸನ್ ಹೆಸರು ತೆಗೆದ. ಮಾರಿಸನ್ 2002ರ ‘ಡೆಕೇಸಿಯಾ’ಕ್ಕೆ ತಾನಾಗಿ ಕೊಳೆತ ನೈಟ್ರೇಟ್ ಫಿಲ್ಮು (ಹಳೇ ಕಾಲದ, ಬೇಗ ಹಾಳಾಗುವ ಫಿಲ್ಮು) ಹುಡುಕಿ ತಂದವನು, ಒಳ್ಳೇ ಫಿಲ್ಮನ್ನು ಹಾಳು ಮಾಡಿದವನಲ್ಲ.

ಅದಕ್ಕೇ ಗೀರು ತೆಗೆಯೋ ಪ್ರಶ್ನೆ ನನಗೆ ಹಿಡಿಸಲಿಲ್ಲ. ಗೀರು, ಅಂಚು, ರೀಲು ಮುಗಿಯುವಾಗಿನ ಬಿಳಿ ಹೊಳಪು, ಇವೇ ಕೊಲಾಜಿನ ಸರಕು. ತೊಳೆದು ನುಣ್ಣಗೆ ಮಾಡಿದರೆ ನಿನ್ನೆ ಫೋನಿನಲ್ಲಿ ತೆಗೆದದ್ದಕ್ಕೆ ಸೆಪಿಯಾ ಬಳಿದಂತೆ ಕಾಣುತ್ತದೆ. ಸ್ಕ್ಯಾನ್ ಮಾಡಿಸುವಾಗ ತೂತೂ ಕಾಣುವಂತೆ ಪೂರ್ತಿ ಅಗಲ ತೆಗೆಸಿ, ಫಿಲ್ಮಿನ ಒಂದು ಫ್ರೇಮಿಗೆ ಫೈಲಿನಲ್ಲಿ ಒಂದೇ ಫ್ರೇಮು ಬರಲಿ. ವೇಗ ಸೆಕೆಂಡಿಗೆ 16 ಫ್ರೇಮೋ 18 ಫ್ರೇಮೋ ನೀವು ಆಮೇಲೆ ತೀರ್ಮಾನಿಸಬಹುದು. ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತದೆ. ಅಮೆರಿಕದ ಕಲಾವಿದ ಜೋಸೆಫ್ ಕಾರ್ನೆಲ್ 1936ರಲ್ಲಿ ಒಂದು ಹಾಲಿವುಡ್ ಚಿತ್ರದ ಪ್ರಿಂಟು ಕತ್ತರಿಸಿ ಅದರ ನಾಯಕಿಯನ್ನಷ್ಟೇ ಹೆಚ್ಚುಕಡಿಮೆ ಉಳಿಸಿಕೊಂಡ, ನೀಲಿ ಗಾಜಿನ ಮೂಲಕ ನಿಧಾನವಾಗಿ ಓಡಿಸಿ ತೋರಿಸಿದ. ಅಷ್ಟೇ ಅವನ ಎಫೆಕ್ಟು.

ನನ್ನದು ಕೊನೆಗೆ ಒಂಬತ್ತು ನಿಮಿಷ ಆಯ್ತು, ರೀಲಿಗೆ ಶಬ್ದ ಇಲ್ಲವಾದ್ದರಿಂದ ಬೆಟಗೇರಿಯ ಮಗ್ಗದ ಸದ್ದು ಹಾಕಿದೆ. ಅವ್ವ ನೋಡಿ, “ಆ ಕಾಗಿನ್ನ ಆರ್ ಆರ್ ಸಲ ಯಾಕ ತೋರಿಸ್ತೀಯೋ?” ಅಂದಳು.

ಹಳೇ ಸಿನಿಮಾ ತುಂಡು ಸೇರಿಸುವ ಆಸೆಯಿದ್ದರೆ, ನಮ್ಮಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಹಾಡಿನ ಲೆಕ್ಕ ಬೇರೆ, ಅದಕ್ಕೆ ಕೈ ಹಚ್ಚಬೇಡ್ರಿ.

ಇವತ್ತು ಮಾಡೋದು ಇಷ್ಟೇ. ಒಂದು ಗೇಣು ಫಿಲ್ಮು ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದು ತೂತು ಎಲ್ಲಿದೆ ನೋಡ್ರಿ, ಗೆರೆಯ ಪಕ್ಕ ಇದ್ದರೆ ಹಳೇ 8, ಫ್ರೇಮಿನ ನಡುವೆ ಇದ್ದರೆ ಸೂಪರ್ 8. ಆಮೇಲೆ ಪ್ರತಿ ರೀಲನ್ನೂ ಮೂಸಿ ನೋಡ್ರಿ. ವಿನೆಗರಿನ ಹುಳಿ ವಾಸನೆ ಹೊಡೆದರೆ ಫಿಲ್ಮು ಕೊಳೆಯತೊಡಗಿದೆ ಅಂತ ಅರ್ಥ, ಅದನ್ನು ಬೇರೆ ಕೋಣೆಯಲ್ಲಿಡಿ, ಮೊದಲು ಸ್ಕ್ಯಾನಿಗೆ ಕಳಿಸೋದೂ ಅದನ್ನೇ. ಆ ಹುಳಿ ಪಕ್ಕದ ರೀಲಿಗೂ ಹತ್ತುತ್ತದೆ.