ಯುರೋಪಿನಲ್ಲಿ ರೋಮಿಂಗ್‌ಗೆ ಒಂದೇ ನಿಯಮ ಇದೆ, ಹಾಗಾದ್ರೆ ಇಡೀ ಟೆಲಿಕಾಂಗೆ ಒಂದೇ ನಿಯಂತ್ರಣ ಸಂಸ್ಥೆ ಯಾಕಿಲ್ಲ?

ದೇಶಗಳು ಆ ಅಧಿಕಾರ ಬಿಟ್ಟುಕೊಡಲಿಲ್ಲ, ಅಷ್ಟೇ. 2007ರಲ್ಲಿ ಯುರೋಪಿಯನ್ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ ಇಡೀ ಒಕ್ಕೂಟಕ್ಕೆ ಒಂದೇ ಪ್ರಾಧಿಕಾರ ಮಾಡೋಣ ಎಂದಿತು. ಒಪ್ಪಿಗೆ ಸಿಗಲಿಲ್ಲ. 2009ರಲ್ಲಿ ಅದರ ಬದಲು ಹುಟ್ಟಿದ್ದು ಬೆರೆಕ್, ಅಂದರೆ ನಮ್ಮ ಟ್ರಾಯ್ ತರಹದ ಆಯಾ ದೇಶದ ಸಂಸ್ಥೆಗಳ ಮುಖ್ಯಸ್ಥರು ಕೂತು ಮಾತಾಡುವ ಕೂಟ. ಅದರ ಕೆಲಸ ಹೆಚ್ಚಾಗಿ ಸಲಹೆ, ಮಾರ್ಗಸೂಚಿ.

ಇನ್ನು ಉಳಿದದ್ದು ಕಾನೂನಿನ ದಾರಿ. ಒಕ್ಕೂಟದ ಕಾನೂನಿನಲ್ಲಿ 'ಡೈರೆಕ್ಟಿವ್' ಎಂಬ ಬಗೆ ಬರೀ ಗುರಿ ಹೇಳುತ್ತದೆ, ಅದಕ್ಕೆ ತಕ್ಕ ಕಾನೂನನ್ನು ಪ್ರತಿ ದೇಶ ತಾನೇ ಬರೆದುಕೊಳ್ಳಬೇಕು, ವ್ಯತ್ಯಾಸ ನುಸುಳುವುದು ಅಲ್ಲೇ. 'ರೆಗ್ಯುಲೇಷನ್' ಹಾಗಲ್ಲ, ನೇರವಾಗಿ ಎಲ್ಲ ಕಡೆ ಜಾರಿ. ರೋಮಿಂಗ್‌ಗೆ ಇದನ್ನೇ ಬಳಸಿದರು, ಯಾಕೆಂದರೆ ಜರ್ಮನಿಯವರು ಸ್ಪೇನಿನಲ್ಲಿ ಮಾತಾಡಿದ್ದಕ್ಕೆ ಬೀಳುವ ದರವನ್ನು ಯಾವುದೇ ಒಂದು ದೇಶ ಒಂಟಿಯಾಗಿ ಇಳಿಸಲಾಗದು. 2017ರ ಜೂನ್ 15ರಿಂದ ಸಾಮಾನ್ಯ ಬಳಕೆಗೆ ಹೆಚ್ಚುವರಿ ಶುಲ್ಕ ಹೋಯಿತು. ಸ್ಪೆಕ್ಟ್ರಂ ಹರಾಜು ಮಾತ್ರ ಆಯಾ ದೇಶದ ಕೈಯಲ್ಲೇ ಉಳಿಯಿತು. ಆ ದುಡ್ಡು ಯಾರು ಸುಮ್ನೆ ಬಿಡ್ತಾರೆ, ಅಲ್ವಾ?