ಯಕ್ಷಗಾನ ಆಟದ ವಿಡಿಯೋದಿಂದ ಗೋಡೆಗೆ ಹಾಕುವಂಥ ಫೋಟೋ ತೆಗೆಯುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಕಿನ್ನಿಗೋಳಿ ಹತ್ತಿರ ನಿಮ್ಮೂರಿನ ಹವ್ಯಾಸಿಗಳ ಆಟ ಆಗಿದೆ, ತಮ್ಮ ಪುಂಡುವೇಷ (ಚುರುಕಿನ ಯುವವೀರನ ಪಾತ್ರ) ಮಾಡಿದ್ದಾನೆ, ವಿಡಿಯೋದವರು ಪೆನ್‌ಡ್ರೈವ್ ಕೊಟ್ಟಿದ್ದಾರೆ. ಅವನು ದಿಗಿಣ (ಗಿರಕಿ ಹೊಡೆಯುತ್ತಾ ಹಾರುವ ಕುಣಿತ) ಹಾರುವ ಒಂದು ಫೋಟೋ 12×18 ಇಂಚು ಸೈಜಿನಲ್ಲಿ ಮಾಡಿಸಿ ಗೋಡೆಗೆ ಹಾಕಬೇಕು. ಸ್ಕ್ರೀನ್‌ಶಾಟ್ ತೆಗೆದರೆ ಮಸುಕು ಬರುತ್ತದೆ. ಯಾವ ಸಾಫ್ಟ್‌ವೇರ್ ಒಳ್ಳೆಯದು?

ನಾನು ಉಡುಪಿಯಲ್ಲಿ ಮದುವೆ, ಆಟ, ಭೂತಕೋಲ ಎಲ್ಲದರ ವಿಡಿಯೋ ಎಡಿಟ್ ಮಾಡುವವನು. ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಗೆಜ್ಜೆ ಬಿಚ್ಚಿದ ಮೇಲೆ ಎಲ್ಲರಿಗೂ ಫೋಟೋ ನೆನಪಾಗುತ್ತದೆ, ಹಾಗಾಗಿ ಮಳೆಗಾಲದಲ್ಲಿ ನನಗೆ ಇಂಥ ಕೆಲಸವೇ ಜಾಸ್ತಿ. ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತದೆ ಮಾರಾಯ್ರೆ. ಸೇವ್ ಮಾಡುವುದು ಒಂದು ಬಟನ್ ಒತ್ತುವ ಕೆಲಸ. ಯಾವ ಫ್ರೇಮ್ (ವಿಡಿಯೋದ ಒಂದು ಬಿಡಿ ಚಿತ್ರ) ಸೇವ್ ಮಾಡುತ್ತೀರಿ ಎನ್ನುವುದರಲ್ಲಿ ಎಲ್ಲ ಉಂಟು.

ಸ್ಕ್ರೀನ್‌ಶಾಟ್ ಮಾತ್ರ ಬೇಡ. ಅದು ವಿಡಿಯೋದ ಚಿತ್ರ ಅಲ್ಲ, ನಿಮ್ಮ ಪರದೆಯ ಚಿತ್ರ. ಹಳೆ ಲ್ಯಾಪ್‌ಟಾಪ್‌ಗಳ ಪರದೆ ಹೆಚ್ಚಾಗಿ 1366×768 ಇರುತ್ತದೆ. ವಿಡಿಯೋ 1920×1080 ಇದ್ದರೂ ನಿಮಗೆ ಸಿಗುವುದು ಪರದೆಯಷ್ಟೇ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಇನ್ನೊಂದು ತಾಪತ್ರಯ. ಕಂಪ್ಯೂಟರಿಗೆ ಭಾರ ಆಗಬಾರದು ಅಂತ ಅದು ಪ್ರಿವ್ಯೂವನ್ನು ಅರ್ಧ, ಕಾಲು ರೆಸಲ್ಯೂಶನ್‌ನಲ್ಲಿ ತೋರಿಸುತ್ತಿರುತ್ತದೆ. ಅದನ್ನು ಫುಲ್‌ಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಚೆನ್ನಾಗಿರುವ ಫ್ರೇಮನ್ನೂ ಮಸುಕು ಅಂತ ಬಿಟ್ಟುಬಿಡುತ್ತೀರಿ. ಪ್ರಾಕ್ಸಿ (ಕೆಲಸ ಹಗುರ ಆಗಲು ಬಳಸುವ ವಿಡಿಯೋದ ಸಣ್ಣ ನಕಲು) ಹಾಕಿದ್ದರೆ ಅದನ್ನೂ ಆಫ್ ಮಾಡಿ.

ಖರ್ಚಿಲ್ಲದ ದಾರಿ ವಿಎಲ್‌ಸಿ. ವಿಡಿಯೋ ನಿಲ್ಲಿಸಿ ಇ ಕೀ ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ಎಸ್ ಒತ್ತಿದರೆ ಆ ಫ್ರೇಮ್ ವಿಡಿಯೋದ ಪೂರ್ತಿ ಸೈಜಿನಲ್ಲಿ ಸೇವ್ ಆಗುತ್ತದೆ. ಎಲ್ಲಿ ಸೇವ್ ಆಗಬೇಕು, ಪಿಎನ್‌ಜಿಯೋ ಜೆಪೆಗ್ಗೋ ಎನ್ನುವುದನ್ನು ಪ್ರಿಫರೆನ್ಸಸ್‌ನ ವಿಡಿಯೋ ಭಾಗದಲ್ಲಿ ಹೇಳಬಹುದು. ಪಿಎನ್‌ಜಿ ಇಡಿ. ಆದರೆ ಈಗ ಹೆಚ್ಚಿನವರ ಹತ್ತಿರ ಇರುವ 3ನೇ ಆವೃತ್ತಿಯಲ್ಲಿ ಫ್ರೇಮ್ ಫ್ರೇಮಾಗಿ ಹಿಂದೆ ಬರಲಿಕ್ಕಾಗುವುದಿಲ್ಲ. ದಿಗಿಣದ ಫೋಟೋ ಹುಡುಕುವವರಿಗೆ ಇದು ದೊಡ್ಡ ತಲೆನೋವು. ಎಂಪಿವಿ ಅಂತ ಇನ್ನೊಂದು ಉಚಿತ ಪ್ಲೇಯರ್ ಉಂಟು. ಅದರಲ್ಲಿ ಫುಲ್‌ಸ್ಟಾಪ್ ಕೀ ಮುಂದಕ್ಕೆ, ಕಾಮಾ ಕೀ ಹಿಂದಕ್ಕೆ, ಎಸ್ ಒತ್ತಿದರೆ ಸೇವ್. ಬರೀ ಒಂದು ಫೋಟೋಗಾಗಿ ಎಡಿಟಿಂಗ್ ಕಲಿಯುವುದು ಬೇಡ ಅಂತಿದ್ದರೆ ನಾನು ಹೇಳುವುದು ಇದನ್ನೇ.

ಎಡಿಟಿಂಗ್ ಸಾಫ್ಟ್‌ವೇರೇ ಬೇಕೆಂದರೆ ಶಾಟ್‌ಕಟ್ ಉಚಿತ, ಹಗುರ. ಎಡ ಬಲ ಬಾಣದ ಕೀಯಲ್ಲಿ ಒಂದೊಂದು ಫ್ರೇಮ್ ಸರಿಯುತ್ತದೆ, ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಲ್ಲಿ ಫ್ರೇಮ್ ಸೇವ್ ಮಾಡಬಹುದು. ಡವಿಂಚಿ ರಿಸಾಲ್ವ್‌ನಲ್ಲೂ ಬಾಣದ ಕೀಯೇ. ಕಲರ್ ಪೇಜಿಗೆ ಹೋಗಿ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಗ್ರ್ಯಾಬ್ ಸ್ಟಿಲ್ ಕೊಡಿ, ಆಮೇಲೆ ಗ್ಯಾಲರಿಯಿಂದ ಎಕ್ಸ್‌ಪೋರ್ಟ್ ಮಾಡಿ. ಪ್ರೀಮಿಯರ್ ಪ್ರೊದಲ್ಲಿ ಮಾನಿಟರ್ ಕೆಳಗೆ ಕ್ಯಾಮೆರಾ ಗುರುತು ಇರುತ್ತದೆ, ಅದೇ ಎಕ್ಸ್‌ಪೋರ್ಟ್ ಫ್ರೇಮ್. ಎಲ್ಲದರಲ್ಲೂ ಒಂದು ಎಚ್ಚರ ಬೇಕು. ಟೈಮ್‌ಲೈನ್ (ಕ್ಲಿಪ್ ಜೋಡಿಸುವ ಪಟ್ಟಿ) 1080 ಇದ್ದು ಕ್ಲಿಪ್ 4ಕೆ (3840×2160) ಆಗಿದ್ದರೆ ಫೋಟೋ ಬರುವುದು 1080ರಲ್ಲೇ. ಕ್ಲಿಪ್ ಎಷ್ಟಿದೆಯೋ ಟೈಮ್‌ಲೈನೂ ಅಷ್ಟೇ ಇರಲಿ.

ಹಿಂದಕ್ಕೆ ಬರುವಾಗ ಕಂಪ್ಯೂಟರ್ ತಡವರಿಸಿದರೆ ಹಾಳಾಗಿದೆ ಅಂತ ಹೆದರಬೇಡಿ. ಕ್ಯಾಮೆರಾ ಪ್ರತಿ ಫ್ರೇಮನ್ನೂ ಪೂರ್ತಿ ಚಿತ್ರವಾಗಿ ಇಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಚಿತ್ರ, ನಡುವೆ ಬದಲಾದದ್ದು ಮಾತ್ರ. ಒಂದು ಫ್ರೇಮ್ ಹಿಂದೆ ಬರಬೇಕಾದರೂ ಅದು ಹಿಂದಿನ ಪೂರ್ತಿ ಚಿತ್ರಕ್ಕೆ ಹೋಗಿ ಅಲ್ಲಿಂದ ಲೆಕ್ಕ ಹಾಕಿಕೊಂಡು ಬರಬೇಕು. ಇದೇ ಕಾರಣಕ್ಕೆ ಅಕ್ಕಪಕ್ಕದ ಎರಡು ಫ್ರೇಮ್‌ಗಳ ಗುಣಮಟ್ಟವೂ ಒಂದೇ ಇರುವುದಿಲ್ಲ. ಒಂದು ಫ್ರೇಮ್ ಇಷ್ಟವಾದರೆ ಆಚೀಚೆಯ ನಾಲ್ಕೈದನ್ನೂ ಸೇವ್ ಮಾಡಿ, ನೂರು ಪರ್ಸೆಂಟ್ ಝೂಮ್‌ನಲ್ಲಿ ಮುಖ ನೋಡಿ ಆರಿಸಿ.

ಇನ್ನು ಫ್ರೇಮ್ ಹುಡುಕುವ ವಿಷಯ. ಸೆಕೆಂಡಿಗೆ 25 ಫ್ರೇಮ್ ಅಂದರೆ ಐದು ನಿಮಿಷದ ಕುಣಿತಕ್ಕೆ 7500 ಚಿತ್ರ. ಎಲ್ಲ ನೋಡುತ್ತಾ ಕೂತರೆ ಬೆಳಗಾಗುತ್ತದೆ. ಅದರಲ್ಲಿ ಹೆಚ್ಚಿನವು ಕೆಲಸಕ್ಕೆ ಬರುವುದಿಲ್ಲ. ವಿಡಿಯೋದವರು ಶಟರ್ (ಒಂದು ಚಿತ್ರಕ್ಕೆ ಬೆಳಕು ಬಿಡುವ ಹೊತ್ತು) ಸಾಮಾನ್ಯವಾಗಿ ಸೆಕೆಂಡಿನ 50ರಲ್ಲಿ ಒಂದು ಭಾಗಕ್ಕೆ ಇಡುತ್ತಾರೆ. ಅಷ್ಟು ಹೊತ್ತಿನಲ್ಲಿ ದಿಗಿಣ ಹಾರುವವನ ಕೈ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಆ ಮಸುಕು ಶೂಟಿಂಗ್‌ನಲ್ಲೇ ಬಂದದ್ದು, ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ತೆಗೆಯಲಾರದು.

ಹಾಗಾದರೆ ಸಿಗುವುದು ಎಲ್ಲಿ? ಚಲನೆ ದಿಕ್ಕು ಬದಲಿಸುವ ಕಡೆ. ಉಯ್ಯಾಲೆ ಮೇಲೆ ಹೋಗಿ ವಾಪಸ್ ಬರುವ ಮೊದಲು ಒಂದು ಗಳಿಗೆ ನಿಂತ ಹಾಗೆ ಕಾಣುತ್ತದಲ್ವಾ, ಮೈಯಲ್ಲೂ ಅಂಥ ಜಾಗಗಳು ಉಂಟು. ಹಾರಿದಾಗ ತೀರಾ ಮೇಲಿರುವ ಫ್ರೇಮ್. ಕೈ ಪೂರ್ತಿ ಚಾಚಿ ಇನ್ನು ಒಳಗೆ ತರಬೇಕು ಎನ್ನುವ ಫ್ರೇಮ್. ಮುಖ ಈ ಕಡೆಯಿಂದ ಆ ಕಡೆಗೆ ತಿರುಗುವ ಮೊದಲಿನದ್ದು. ಅಲ್ಲಿ ಮುಖ, ಕಣ್ಣು ಸ್ಪಷ್ಟ ಇದ್ದು ಅಂಚಿನ ಬಟ್ಟೆ ಮಾತ್ರ ಸ್ವಲ್ಪ ಓಡಿದ ಹಾಗೆ ಇದ್ದರೆ ನನ್ನ ಪ್ರಕಾರ ಅದೇ ಒಳ್ಳೆಯ ಫೋಟೋ. ಎಲ್ಲವೂ ಕಲ್ಲಿನ ಹಾಗೆ ಸ್ಪಷ್ಟ ಇದ್ದರೆ ಕುಣಿತ ಎಲ್ಲಿ ಬಂತು?

ಇಂಥ ಜಾಗ ಬೇಗ ಸಿಗಬೇಕಾದರೆ ಕಣ್ಣಿಗಿಂತ ಕಿವಿ ಮುಖ್ಯ. ಎಡಿಟಿಂಗ್ ಸಾಫ್ಟ್‌ವೇರ್ ಆದರೆ ಟೈಮ್‌ಲೈನ್‌ನಲ್ಲಿ ಆಡಿಯೋದ ಗೆರೆಗಳನ್ನು ದೊಡ್ಡದು ಮಾಡಿ. ಚಂಡೆಯ ಪೆಟ್ಟು ಬಿದ್ದಲ್ಲಿ ಚೂಪಾಗಿ ಎದ್ದು ಕಾಣುತ್ತದೆ. ಕುಣಿಯುವವರ ಹೆಜ್ಜೆ ಊರುವುದು ಹೆಚ್ಚುಕಡಿಮೆ ಅಲ್ಲಿಯೇ. ಪದ್ಯ ಮುಗಿದು ಮುಕ್ತಾಯ ಬರುವಾಗ ವೇಷ ಒಂದು ಭಂಗಿಗೆ ಬಂದು ನಿಲ್ಲುತ್ತದೆ, ಆ ಕೊನೆಯ ಪೆಟ್ಟಿನ ಆಚೀಚೆ ನೋಡಿ. ಹಾರುವ ಫೋಟೋ ಬೇಕಾದರೆ ಎರಡು ಪೆಟ್ಟಿನ ನಡುವೆ ಹುಡುಕಿ. ಮೊದಲು ಸುಮ್ನೆ ಮಾಮೂಲಿ ವೇಗದಲ್ಲಿ ನೋಡಿ ಇಷ್ಟವಾದ ಕಡೆ ಎಮ್ ಒತ್ತಿ ಮಾರ್ಕರ್ ಹಾಕುತ್ತಾ ಹೋಗಿ. ಆಮೇಲೆ ಆ ಜಾಗಗಳಲ್ಲಿ ಮಾತ್ರ ಒಂದೊಂದೇ ಫ್ರೇಮ್ ಸರಿಸಿದರೆ ಸಾಕು.

ಬೆಳಕಿನದ್ದೂ ಒಂದು ಕಥೆ. ನಮ್ಮ ಕರೆಂಟ್ 50 ಹರ್ಟ್ಸ್, ಕೆಲವು ಎಲ್‌ಇಡಿ ಲೈಟುಗಳು ಸೆಕೆಂಡಿಗೆ 100 ಸಲ ಮಿಣುಗುತ್ತವೆ. ಅದು ಮೊಬೈಲ್ ಕ್ಯಾಮೆರಾಕ್ಕೆ ಹೊಂದದಿದ್ದರೆ ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತದೆ. ಪಟ್ಟಿ ಫ್ರೇಮಿನಿಂದ ಫ್ರೇಮಿಗೆ ಸರಿಯುತ್ತಿದ್ದರೆ ಅದು ಮುಖದ ಮೇಲೆ ಇಲ್ಲದ ಫ್ರೇಮ್ ಹಿಡಿಯಿರಿ. ಮಹಿಷಾಸುರನ ಪ್ರವೇಶದಲ್ಲಿ ದೊಂದಿಗೆ ರಾಳ ಹಾಕಿದ ಕೂಡಲೇ ಕ್ಯಾಮೆರಾ ಕಣ್ಣು ಕುಕ್ಕಿ ಬಿಳಿ ಬಿಳಿ ಆಗುತ್ತದೆ. ಜ್ವಾಲೆ ಸ್ವಲ್ಪ ಇಳಿಯುವಾಗಿನ ಫ್ರೇಮ್‌ನಲ್ಲಿ ಮುಖಕ್ಕೆ ಒಳ್ಳೆಯ ಬೆಳಕು ಬಿದ್ದಿರುತ್ತದೆ.

ಕೆಂಪು ಬಟ್ಟೆಯ ಅಂಚು ಗರಗಸದ ಹಲ್ಲಿನ ಹಾಗೆ ಕಂಡರೆ ಅದು ಸಾಮಾನ್ಯ ವಿಡಿಯೋಗಳಲ್ಲಿ ಇದ್ದದ್ದೇ. ಜಾಗ ಉಳಿಸಲು ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ ಇಟ್ಟಿರುತ್ತಾರೆ, ಕೆಂಪಿನಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತದೆ. ಶಾರ್ಪ್ ಮಾಡಲು ಹೋಗಬೇಡಿ, ಇನ್ನೂ ಎದ್ದು ಕಾಣುತ್ತದೆ. ಕೆಂಪನ್ನು ಒಂದು ಚೂರು ಇಳಿಸಿ. ಎಐ ಹಾಕಿ ದೊಡ್ಡದು ಮಾಡುವವರೂ ಇದ್ದಾರೆ. ನನಗೆ ಹಿಡಿಸುವುದಿಲ್ಲ. ಗಂಟೆಗಟ್ಟಲೆ ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ಕೂತು ಬರೆದ ಮುಖವರ್ಣಿಕೆಯ ಗೆರೆಗಳನ್ನು ಅದು ನುಣ್ಣಗೆ ಒರೆಸಿ ಬೇರೆಯೇ ಯಾರದ್ದೋ ಮುಖ ಮಾಡಿಬಿಡುತ್ತದೆ.

ಹಳೆ ಡಿವಿಡಿ ಆಗಿದ್ದರೆ ಮಾತ್ರ ಬೇರೆ ಕಷ್ಟ. ಅದರಲ್ಲಿ 720×576 ಅಷ್ಟೇ ಇರುತ್ತದೆ. ಒಂದು ಫ್ರೇಮಿನೊಳಗೆ ಎರಡು ಬೇರೆ ಗಳಿಗೆಯ ಗೆರೆಗಳು ಹೆಣೆದುಕೊಂಡಿರುವುದೂ ಉಂಟು. ಕೈ ಓಡುವಲ್ಲಿ ಬಾಚಣಿಗೆಯಂಥ ಗೆರೆ ಕಂಡರೆ ಡೀಇಂಟರ್‌ಲೇಸ್ ಆನ್ ಮಾಡಿ ಸೇವ್ ಮಾಡಿ. ಮುಖ ಉದ್ದಕ್ಕೆ ಎಳೆದ ಹಾಗೆ ಬಂದಿದೆಯಾ ಅಂತಲೂ ನೋಡಿ. ಅದರಿಂದ ಆಲ್ಬಮ್ ಸೈಜಿಗಿಂತ ದೊಡ್ಡದು ಮಾಡಿಸಬೇಡಿ.

ಕೊನೆಗೆ ನಿಮ್ಮ 12×18. ಒಬ್ಬನೇ ನಿಂತ ವೇಷ ಅಂದರೆ ಫೋಟೋ ಉದ್ದಕ್ಕೆ ಬೇಕು, ವಿಡಿಯೋ ಇರುವುದು ಅಡ್ಡಕ್ಕೆ. 1080ರ ಫ್ರೇಮ್ ಕತ್ತರಿಸಿದರೆ 18 ಇಂಚಿಗೆ ಸಿಗುವುದು 1080 ಪಿಕ್ಸೆಲ್, ಅಂದರೆ ಇಂಚಿಗೆ 60. ಹತ್ತಿರದಿಂದ ಒಡೆದು ಕಾಣುತ್ತದೆ. 4ಕೆ ಆದರೆ 120, ಗೋಡೆಗೆ ಪರವಾಗಿಲ್ಲ. ಆದ್ದರಿಂದ ಮೊದಲು ವಿಡಿಯೋದವರಿಗೆ ಫೋನ್ ಮಾಡಿ ಎಡಿಟ್ ಮಾಡುವ ಮೊದಲಿನ ಕ್ಲಿಪ್ ಇದೆಯಾ, 4ಕೆಯಾ ಅಂತ ಕೇಳಿ. ಹಾರ್ಡ್‌ಡಿಸ್ಕ್ ಖಾಲಿ ಮಾಡುವ ಮೊದಲೇ ಕೇಳಬೇಕು. ಸಿಗದಿದ್ದರೆ 6×8ಕ್ಕೆ ಇಳಿಸಿ ಸುತ್ತ ಅಗಲ ಅಂಚು ಬಿಟ್ಟು ಫ್ರೇಮ್ ಹಾಕಿಸಿ, ಚಂದವೇ ಕಾಣುತ್ತದೆ.

ಸ್ಟುಡಿಯೋಗೆ ಪೆನ್‌ಡ್ರೈವ್‌ನಲ್ಲೇ ಕೊಡಿ. ವಾಟ್ಸಾಪ್ ಮಾಡಲೇಬೇಕಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. 12×18ಕ್ಕೆ ದುಡ್ಡು ಕೊಡುವ ಮೊದಲು ಅದರಲ್ಲಿ ಮುಖ ಇರುವ 4×6 ಇಂಚಿನ ಭಾಗವನ್ನು ಮಾತ್ರ ಅದೇ ಅಳತೆಯಲ್ಲಿ ಪ್ರಿಂಟ್ ಹಾಕಿಸಿ. ಗೋಡೆಗೆ ಅಂಟಿಸಿ, ನೀವು ಕೂರುವ ಜಾಗದಿಂದ ನೋಡಿ. ಸರಿ ಕಂಡರೆ ದೊಡ್ಡದಕ್ಕೆ ಹೇಳಿ.