ಅಪ್ಪನ ರಿಪೋರ್ಟಿನಲ್ಲಿ ‘ಎಂಜಿಎಂಟಿ ಅನ್‌ಮೀಥೈಲೇಟೆಡ್’ ಅಂತಿದೆ, ಪಕ್ಕದ ಬೆಡ್‌ನವರದ್ದು ‘ಮೀಥೈಲೇಟೆಡ್’. ಇಬ್ಬರಿಗೂ ಗ್ಲಿಯೋಬ್ಲಾಸ್ಟೋಮಾ ಅನ್ನುವ ಮೆದುಳಿನ ಕ್ಯಾನ್ಸರ್ ಗೆಡ್ಡೆಯೇ. ಏನು ವ್ಯತ್ಯಾಸ? ಇದು ನಮಗೂ ಬರುತ್ತಾ?

ಕೊನೆಯದಕ್ಕೆ ಮೊದಲು ಉತ್ತರ: ಈ ಗುರುತು ನಿಮಗೆ ಬರುವುದಿಲ್ಲ. ಇದು ಗೆಡ್ಡೆಯ ಕೋಶಗಳ ಸ್ಥಿತಿ, ಅಪ್ಪನಿಂದ ಮಕ್ಕಳಿಗೆ ಇಳಿಯುವಂಥದ್ದಲ್ಲ.

ನಾನು ಡಾಕ್ಟರ್ ಅಲ್ಲ, ಇದೇ ಟೆಸ್ಟ್ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ‘ಅನ್’ ಅಂತ ಕಂಡ ತಕ್ಷಣ ಏನೋ ಕೆಟ್ಟುಹೋಗಿದೆ ಅಂದುಕೊಳ್ಳುವವರೇ ಜಾಸ್ತಿ. ನಿಜ ಹೇಳಬೇಕೆಂದರೆ ಆರೋಗ್ಯವಂತ ಕೋಶದಲ್ಲೂ ಎಂಜಿಎಂಟಿ ಜೀನ್‌ನಲ್ಲಿ ನಾವು ನೋಡುವ ಜಾಗ ಅನ್‌ಮೀಥೈಲೇಟೆಡ್ಡೇ!

ಎಂಜಿಎಂಟಿ ಅನ್ನೋದು ಡಿಎನ್‌ಎ ರಿಪೇರಿ ಮಾಡುವ ಪ್ರೋಟೀನ್. ಟೆಮೊಜೊಲೊಮೈಡ್ ಅನ್ನುವ ಕೀಮೋ ಮಾತ್ರೆ ಗೆಡ್ಡೆಯ ಡಿಎನ್‌ಎಯ ‘ಜಿ’ ಅಕ್ಷರಕ್ಕೆ ಮೀಥೈಲ್ ಅನ್ನುವ ಪುಟ್ಟ ತುಣುಕನ್ನು ಅಂಟಿಸುತ್ತದೆ. ಕೋಶ ಎರಡಾಗಲು ಹೋದಾಗ ಅಲ್ಲೇ ತಡವರಿಸಿ ಸಾಯುತ್ತದೆ. ಎಂಜಿಎಂಟಿ ಬಂದು ಆ ತುಣುಕನ್ನು ಕಿತ್ತು ತನ್ನ ಮೈಗೇ ಅಂಟಿಸಿಕೊಳ್ಳುತ್ತದೆ. ಕೋಶ ಉಳಿಯುತ್ತದೆ, ಆ ಪ್ರೋಟೀನ್ ಮಾತ್ರ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಜೇನ್ನೊಣ ಒಮ್ಮೆ ಚುಚ್ಚಿದರೆ ಅದರ ಕಥೆ ಮುಗೀತಲ್ಲ, ಹಾಗೆ. ಹಾಗಾಗಿ ಕೋಶ ಹೊಸ ಎಂಜಿಎಂಟಿ ಮಾಡಿಕೊಳ್ಳುತ್ತಲೇ ಇರಬೇಕು.

ಕೆಲವರ ಗೆಡ್ಡೆಯಲ್ಲಿ ಈ ಜೀನ್‌ನ ಆರಂಭದ ಭಾಗದಲ್ಲೇ, ‘ಸಿ’ ಅಕ್ಷರಗಳ ಮೇಲೆ, ಮೀಥೈಲ್ ಕೂತಿರುತ್ತದೆ. ಜೀನ್ ಬಾಯಿ ಮುಚ್ಚಿಕೊಳ್ಳುತ್ತದೆ, ರಿಪೇರಿಯವರು ಹುಟ್ಟುವುದೇ ಇಲ್ಲ, ಮಾತ್ರೆ ಚೆನ್ನಾಗಿ ನಾಟುತ್ತದೆ. ಪಕ್ಕದ ಬೆಡ್‌ನವರದ್ದು ಈ ಥರ, ಅದೇ ‘ಮೀಥೈಲೇಟೆಡ್’. ನಿಮ್ಮ ಅಪ್ಪನ ರಿಪೋರ್ಟಿನ ಪ್ರಕಾರ ಅವರ ಗೆಡ್ಡೆಯಲ್ಲಿ ಜೀನ್ ಹೀಗೆ ಮುಚ್ಚಿಲ್ಲ. ಔಷಧ ಅಂಟಿಸುವುದೂ ಮೀಥೈಲ್, ಜೀನ್ ಮುಚ್ಚುವುದೂ ಮೀಥೈಲ್. ಮೊದಮೊದಲು ನನಗೂ ತಲೆ ಕೆಟ್ಟಿತ್ತು.

2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 206 ರೋಗಿಗಳ ಗೆಡ್ಡೆ ನೋಡಿದ್ದರು. ಸುಮಾರು 45% ಮೀಥೈಲೇಟೆಡ್. ಅವರಲ್ಲಿ ರೇಡಿಯೇಶನ್ ಜೊತೆ ಮಾತ್ರೆಯನ್ನೂ ಪಡೆದವರ ಪೈಕಿ 46% ಮಂದಿ ಎರಡು ವರ್ಷ ದಾಟಿದರು. ಆರಂಭದಲ್ಲಿ ಬರೀ ರೇಡಿಯೇಶನ್ ಪಡೆದವರಲ್ಲಿ ಸುಮಾರು 23%. ಅನ್‌ಮೀಥೈಲೇಟೆಡ್ ಗುಂಪಿನಲ್ಲಿ ಮಾತ್ರೆಯಿಂದ ಆದ ಲಾಭ ಕಡಿಮೆ: ಮಧ್ಯಮ ಬದುಕುಳಿವು 11.8 ತಿಂಗಳಿಂದ 12.7ಕ್ಕೆ. ಕಡಿಮೆ ಹೌದು. ಆದರೆ ಮಧ್ಯಮ ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಜಾಸ್ತಿ ಬದುಕಿದರು ಅಂತ. ಅದು ನಿಮ್ಮ ಅಪ್ಪನಿಗೆ ಕೊಟ್ಟ ಗಡುವಲ್ಲ.

ಇನ್ನು ಈ ಪದ ರಿಪೋರ್ಟಿಗೆ ಹೇಗೆ ಬರುತ್ತದೆ ಅಂತ ಹೇಳುತ್ತೇನೆ. ಮೇಣದ ಬ್ಲಾಕ್‌ನಲ್ಲಿರುವ ಗೆಡ್ಡೆಯಿಂದ ತೆಳು ಪದರ ಕೊಯ್ದು ಡಿಎನ್‌ಎ ತೆಗೆದು, ಬೈಸಲ್ಫೈಟ್ ಅನ್ನುವ ರಾಸಾಯನಿಕ ಹಾಕುತ್ತೇವೆ. ಮೀಥೈಲ್ ಇಲ್ಲದ ‘ಸಿ’ ಬದಲಾಗಿ, ಓದುವಾಗ ‘ಟಿ’ ಆಗಿ ಕಾಣುತ್ತದೆ. ಮೀಥೈಲ್ ಇದ್ದದ್ದು ‘ಸಿ’ ಆಗಿಯೇ ಉಳಿಯುತ್ತದೆ. ನಮ್ಮ ಮೆಷಿನ್ ಕೊಡುವುದು ಶೇಕಡಾವಾರು, ಹೌದು-ಇಲ್ಲ ಅಲ್ಲ. ಗೆರೆ ಎಳೆಯುವವರು ನಾವು, ಆ ಗೆರೆ ಲ್ಯಾಬಿನಿಂದ ಲ್ಯಾಬಿಗೆ ಬೇರೆ. ಪದರದಲ್ಲಿ ಗೆಡ್ಡೆಗಿಂತ ಸಾಮಾನ್ಯ ಕೋಶಗಳೇ ಜಾಸ್ತಿ ಇದ್ದರೆ ಮೀಥೈಲ್‌ನ ಶೇಕಡಾ ಇರುವುದಕ್ಕಿಂತ ಕಡಿಮೆ ಕಂಡು, ತಪ್ಪಾಗಿ ‘ಅನ್‌ಮೀಥೈಲೇಟೆಡ್’ ಅಂತಲೂ ಬರಬಹುದು.

ಅದಕ್ಕೇ ಡಾಕ್ಟರ್ ಹತ್ತಿರ ಇಷ್ಟು ಕೇಳಿ: ಶೇಕಡಾ ಎಷ್ಟು ಬಂತು, ಸ್ಯಾಂಪಲ್‌ನಲ್ಲಿ ಗೆಡ್ಡೆ ಕೋಶ ಸಾಕಷ್ಟಿತ್ತಾ, ಐಡಿಎಚ್ ಅನ್ನುವ ಇನ್ನೊಂದು ಜೀನ್‌ನ ಟೆಸ್ಟ್ ಆಗಿದೆಯಾ. 2021ರ ಡಬ್ಲ್ಯುಎಚ್‌ಒ ವರ್ಗೀಕರಣದ ಪ್ರಕಾರ ಐಡಿಎಚ್ ಬದಲಾಗಿದ್ದರೆ ಅದನ್ನು ಗ್ಲಿಯೋಬ್ಲಾಸ್ಟೋಮಾ ಅಂತ ಕರೆಯುವುದೇ ಇಲ್ಲ. ಈ ಒಂದು ಪದ ನೋಡಿ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಅನ್‌ಮೀಥೈಲೇಟೆಡ್ ಇದ್ದರೂ ಎಷ್ಟೋ ಮಂದಿಗೆ ಅದನ್ನು ಕೊಡುತ್ತಾರೆ. ತುಂಬಾ ವಯಸ್ಸಾದವರಿಗೆ ಮಾತ್ರ ಕೆಲವೊಮ್ಮೆ ಬರೀ ರೇಡಿಯೇಶನ್ ಸಾಕು ಅನ್ನುತ್ತಾರೆ.